ಮುಂದಿನ ಬೋರ್ಡಿನ ತನಕ

ಮಕ್ಕಳೇ. ಹೀಗೆ ಕರೆದರೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರೂ ಈ ಮಾತು ಕೇಳುತ್ತಿದ್ದೀರಿ. ಆದರೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಭಾನುವಾರದ ಕನ್ನಡ ತರಗತಿಯಲ್ಲಿ ಕೈ ಹಿಡಿದು ಅ ಆ ಇ ಈ ತಿದ್ದಿಸಿದವಳು ನಾನು. ಆ ಸಲಿಗೆ.

ತರಗತಿಯ ವಿಷಯ ಬಂತಲ್ಲ, ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಮನೆಯಿಂದ ತರಗತಿ ನಡೆಯುವ ಜಾಗಕ್ಕೆ ಹೈವೇ ಹಿಡಿದರೆ ಇಪ್ಪತ್ತು ನಿಮಿಷ. ನಾನು ಒಳರಸ್ತೆಗಳಲ್ಲಿ ಒಂದೊಂದೇ ಸಿಗ್ನಲ್ ದಾಟಿಕೊಂಡು ಐವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆ. ಅಷ್ಟಾದರೂ ತಡ. "ಆಂಟಿ, ನೀವ್ಯಾಕೆ ಯಾವಾಗ್ಲೂ ಲೇಟು?" ಅಂತ ನೀವು ಬಾಗಿಲಲ್ಲಿ ನಿಂತು ಕೇಳುತ್ತಿದ್ದಿರಿ. ಟ್ರಾಫಿಕ್ ಅನ್ನುತ್ತಿದ್ದೆ. ಸುಳ್ಳು. ನನಗೆ ಹೈವೇಯಲ್ಲಿ ಕಾರು ಓಡಿಸಲು ಭಯ.

2010ರ ಚಳಿಗಾಲದಲ್ಲಿ ಒಂದು ಸಂಜೆ ಹೈವೇಗೆ ಸೇರಿಕೊಳ್ಳುವಾಗ ಪಕ್ಕದಲ್ಲಿ ಒಂದು ಟ್ರಕ್ ಬಂತು. ನಮ್ಮ ಕಾರಿನ ಬದಿಯ ಕನ್ನಡಿ ಮುರಿದುಹೋಯಿತು. ಅಷ್ಟೇ, ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಇದ್ದರು. ಅವತ್ತಿನಿಂದ ನಾನು ಊರೊಳಗಿನ ಡ್ರೈವರ್. ಅಂಗಡಿ, ಶಾಲೆ, ಲೈಬ್ರರಿ, ಒಳರಸ್ತೆಯ ಕನ್ನಡ ತರಗತಿ. ಮಿಕ್ಕದ್ದೆಲ್ಲ ನಮ್ಮ ಮನೆಯವರ ಪಾಲಿಗೆ.

ಅವರು ಕಾರು ಓಡಿಸುವ ರೀತಿ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಅಪ್ಪಂದಿರೂ ಹೆಚ್ಚುಕಡಿಮೆ ಹಾಗೇ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಗ್ಯಾಸ್ ಹಾಕಿಸುವಾಗಲೇ ಎಲ್ಲರೂ ಬಾತ್‌ರೂಮಿಗೆ ಹೋಗಿ ಬರಬೇಕು. ಪುಳಿಯೋಗರೆ, ಚಪಾತಿ ಎಲ್ಲ ಕಾರಿನಲ್ಲೇ. ಷಿಕಾಗೋ ಹತ್ತಿರದ ನಮ್ಮ ಊರಿನಿಂದ ಪಿಟ್ಸ್‌ಬರ್ಗ್ ದೇವಸ್ಥಾನಕ್ಕೆ ಹೋಗುವಾಗ ದಾರಿಯಲ್ಲಿ ಏನಿದೆ ಅಂತ ನಮ್ಮ ಮಕ್ಕಳನ್ನು ಕೇಳಿದರೆ "ಗ್ಯಾಸ್ ಸ್ಟೇಷನ್" ಅನ್ನುತ್ತಾರೆ. ಅವರು ಕಂಡಿದ್ದು ಅಷ್ಟೇ.

ಕಳೆದ ವರ್ಷ ಮಗಳಿಗೆ ಸಿಯಾಟಲ್‌ನಲ್ಲಿ ಕೆಲಸವಾಯಿತು. ಅವಳು ವಿಮಾನದಲ್ಲಿ ಹೋದಳು, ಅವಳ ಕಾರು ನಮ್ಮ ಗ್ಯಾರೇಜಿನಲ್ಲಿ ಉಳಿಯಿತು. ಲಾರಿಯಲ್ಲಿ ಕಳಿಸಲು ಎಷ್ಟಾಗುತ್ತದೆ ಅಂತ ವಿಚಾರಿಸಿದ ನಮ್ಮವರು "ನಾವ ಬಿಟ್ಟ ಬರೂಣು" ಅಂದರು. ಅವರು ರಾಣೆಬೆನ್ನೂರು ಕಡೆಯವರು, ನಾನು ಮೈಸೂರಿನವಳು. ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ನಮ್ಮ ಮನೆಯಲ್ಲಿ ಎರಡು ಕನ್ನಡ. ಸುಮಾರು ಎರಡು ಸಾವಿರ ಮೈಲಿ, ಐ-90 ಹೆದ್ದಾರಿ, ಮೂರು ದಿನ ಸಾಕು ಅಂತ ಅವರ ಲೆಕ್ಕ. ನಾನು ಮ್ಯಾಪು ತೆರೆದು ದಾರಿಯುದ್ದಕ್ಕೂ ಇರುವ ವಿಚಿತ್ರಗಳನ್ನೆಲ್ಲ ಗುರುತು ಹಾಕಿಟ್ಟುಕೊಂಡೆ. ಮಕ್ಕಳಿಲ್ಲದೆ ನಾವಿಬ್ಬರೇ ಹೊರಟ ಮೊದಲ ಪ್ರಯಾಣ ಅದು. ಒಂದೊಂದು ಜಾಗಕ್ಕೆ ಐದು ನಿಮಿಷ ಅಂತ ಒಪ್ಪಂದವಾಯಿತು. ತಮಾಷೆಗಲ್ಲ, ಫೋನಿನಲ್ಲಿ ಟೈಮರ್ ಇಟ್ಟರು.

ವಿಸ್ಕಾನ್ಸಿನ್ ದಾಟಿ ಮಿನೆಸೋಟಾದ ಆಸ್ಟಿನ್ ಎಂಬ ಊರಿನಲ್ಲಿ ಸ್ಪ್ಯಾಮ್ ಮ್ಯೂಸಿಯಂ ಇದೆ. ಹೌದು, ಡಬ್ಬಿ ಮಾಂಸಕ್ಕೆ ಒಂದು ಮ್ಯೂಸಿಯಂ, ಪ್ರವೇಶ ಉಚಿತ. 1937ರಲ್ಲಿ ಶುರುವಾದ ಈ ಡಬ್ಬಿ ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ಲೋಕವೆಲ್ಲ ಸುತ್ತಿತು. ನಿಮ್ಮ ಇಮೇಲಿನಲ್ಲಿ ಬಂದು ಬೀಳುವ ಕಸಕ್ಕೆ ಸ್ಪ್ಯಾಮ್ ಅಂತ ಹೆಸರು ಬಂದದ್ದೂ ಇದರಿಂದಲೇ. 1970ರಲ್ಲಿ ಮಾಂಟಿ ಪೈಥಾನ್ ತಂಡ ಒಂದು ಹಾಸ್ಯ ಪ್ರಸಂಗ ಮಾಡಿತ್ತು. ಹೋಟೆಲಿನಲ್ಲಿ ಏನು ಕೇಳಿದರೂ ಸ್ಪ್ಯಾಮ್, ಬೇರೆ ಮಾತೇ ಕೇಳಿಸದಷ್ಟು ಸ್ಪ್ಯಾಮ್. ಹುಟ್ಟಾ ಸಸ್ಯಾಹಾರಿಗಳಾದ ನಾವಿಬ್ಬರು ಡಬ್ಬಿ ಮಾಂಸದ ಚರಿತ್ರೆಯನ್ನು ಶ್ರದ್ಧೆಯಿಂದ ಓದಿ ಹೊರಬಂದೆವು. ಟೈಮರ್ ಎರಡು ಸಲ ಬಡಿದುಕೊಂಡಿತ್ತು.

ಅಲ್ಲಿಂದ ಮುಂದೆ ಬ್ಲೂ ಅರ್ತ್ ಎಂಬ ಊರಿನಲ್ಲಿ 55 ಅಡಿಯ ಹಸಿರು ದೈತ್ಯ ನಿಂತಿದ್ದಾನೆ. ಬಟಾಣಿ ಪ್ಯಾಕೆಟ್ಟಿನ ಮೇಲೆ ಎಲೆ ಉಟ್ಟು ನಗುತ್ತಾನಲ್ಲ, ಅವನೇ. ನಮ್ಮ ಶ್ರವಣಬೆಳಗೊಳದ ಗೊಮ್ಮಟನಿಗೆ ಎತ್ತರದಲ್ಲಿ ಸಮೀಪ ಬರುತ್ತಾನೆ, ಗಾಂಭೀರ್ಯದಲ್ಲಿ ಅಲ್ಲ. ಕಾಲಡಿ ನಿಂತು ಫೋಟೋ ತೆಗೆಸಿಕೊಂಡೆವು. ಐದು ನಿಮಿಷ.

ನಮ್ಮವರ ಟೈಮರ್ ನಿಂತದ್ದು ಸೌತ್ ಡಕೋಟಾದ ಮಿಚೆಲ್‌ನಲ್ಲಿ. ಅಲ್ಲಿ ಕಾರ್ನ್ ಪ್ಯಾಲೇಸ್ ಎಂಬ ಕಟ್ಟಡವಿದೆ. ಮೊದಲನೆಯದನ್ನು ಕಟ್ಟಿದ್ದು 1892ರಲ್ಲಿ. ನಮ್ಮ ಭೂಮಿಯಲ್ಲಿ ಎಂಥ ಬೆಳೆ ಬರುತ್ತದೆ ನೋಡಿ ಅಂತ ಜನರನ್ನು ಸೆಳೆಯಲು. ಈಗಿನದು 1921ರದು. ಒಳಗೆ ಬ್ಯಾಸ್ಕೆಟ್‌ಬಾಲ್ ಅಂಗಳ, ಮೇಲೆ ಗುಮ್ಮಟಗಳು, ಹೊರಗೋಡೆಗಳ ತುಂಬ ಜೋಳದ ತೆನೆಯಲ್ಲೇ ಮಾಡಿದ ಚಿತ್ರಗಳು. ಬಣ್ಣ ಬಳಿದದ್ದಲ್ಲ. ಕೆಂಪು, ಕಪ್ಪು, ಹಳದಿ, ನೀಲಿ ಹೀಗೆ ಹುಟ್ಟುಬಣ್ಣದ ತೆನೆಗಳನ್ನೇ ಬೇರೆ ಬೇರೆ ಬೆಳೆದು, ಉದ್ದಕ್ಕೆ ಸೀಳಿ ಮೊಳೆ ಹೊಡೆಯುತ್ತಾರೆ. ಚಿತ್ರಗಳು ಹೊಸದಾಗುತ್ತಲೇ ಇರುತ್ತವೆ, ಹಳೆಯದನ್ನು ಹಕ್ಕಿಗಳು ತಿನ್ನುತ್ತಲೇ ಇರುತ್ತವೆ.

ನಾನು ಮುಸುಕಿನ ಜೋಳ ಅನ್ನುತ್ತೇನೆ. ಅವರ ಊರಿನಲ್ಲಿ ಅದು ಗೋವಿನಜೋಳ, ಬಾಯಿಮಾತಿನಲ್ಲಿ ಗೊಂಜಾಳ. ನಮ್ಮ ಮಾವನವರು ನಾಲ್ಕು ಎಕರೆಯಲ್ಲಿ ಬೆಳೆಯುತ್ತಿದ್ದುದೂ ಅದನ್ನೇ. ಹಾವೇರಿ, ದಾವಣಗೆರೆ ಕಡೆ ಸುಗ್ಗಿಯಲ್ಲಿ ಹೋದರೆ ಡಾಂಬರು ರಸ್ತೆಯ ಅರ್ಧ ಭಾಗಕ್ಕೆ ಚಿನ್ನದ ಬಣ್ಣದ ಕಾಳು ಹರಡಿರುತ್ತದೆ, ಒಣಗಲಿಕ್ಕೆ. ಲಾರಿ ಬಸ್ಸುಗಳು ಉಳಿದರ್ಧದಲ್ಲಿ ಹೋಗಬೇಕು. ಚಿಕ್ಕ ಹುಡುಗನಾಗಿದ್ದಾಗ ಆ ರಾಶಿ ಕಾಯುವ ಕೆಲಸ ಇವರದು. ರಾತ್ರಿಯೆಲ್ಲ ರಸ್ತೆ ಬದಿ ಕಂಬಳಿ ಹೊದ್ದು ಮಲಗಿ, ಹೋಗುವ ಗಾಡಿಗಳ ದೀಪ ಎಣಿಸುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಕಾರ್ನ್ ಪ್ಯಾಲೇಸಿನ ಗೋಡೆಯ ಮುಂದೆ ನಿಂತು, ಅವತ್ತು ಮೊದಲ ಸಲ. ಒಂದು ಗಂಟೆ ನಿಂತರು. ಒಬ್ಬ ಕೆಲಸಗಾರರನ್ನು ಮಾತಾಡಿಸಿ ಯಾವ ತಳಿ, ಎಷ್ಟು ನೀರು ಎಲ್ಲ ಕೇಳಿದರು. "ಅಪ್ಪ ಇದನ್ನ ನೋಡಬೇಕಿತ್ತು ನೋಡು" ಅಂದರು. ಮಾವನವರು ಹೋಗಿ ಆರು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಮೋಟೆಲಿನ ಮುಂದೆ ಕೂಲರ್ ಡಬ್ಬವನ್ನು ಕಾರಿಗೆ ಎತ್ತಿಡಲು ಬಗ್ಗಿದವರು ಬಗ್ಗಿದಲ್ಲೇ ಉಳಿದರು. ಬೆನ್ನು ಹಿಡಿದುಕೊಂಡಿತ್ತು. ಹೇಗೋ ಒಳಗೆ ಕರೆತಂದು ಮಲಗಿಸಿ, ಅಮೃತಾಂಜನ ತಿಕ್ಕಿ, ಮಾತ್ರೆ ಕೊಟ್ಟೆ. ಒರಗಿಸಿದ ಸೀಟಿನಲ್ಲಿ ಮಲಗಿ ಬರಬಹುದು, ಬ್ರೇಕ್ ಒತ್ತುವುದು ಸಾಧ್ಯವೇ ಇಲ್ಲ. ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ನೀನೇ ಡ್ರೈವ್ ಮಾಡು. ಅಲ್ಲಿ ಜನಾನೇ ಇಲ್ಲ" ಅಂದಳು. ನಾನು ಕೇಳಿದ್ದು ಅದನ್ನಲ್ಲ. ಎರಡು ದಿನ ಇಲ್ಲೇ ಇರಿ ಅಂತ ಅವಳು ಹೇಳಲಿ ಅಂತ ಕಾಯುತ್ತಿದ್ದೆ. ಸ್ಪೀಡ್ ಲಿಮಿಟ್ ಎಷ್ಟು ಅಂತ ನೋಡಿದೆ. 80!

ನಿಮ್ಮಲ್ಲಿ ಹದಿನಾರಕ್ಕೇ ಲೈಸೆನ್ಸ್ ತೆಗೆದುಕೊಂಡವರಿಗೆ ಇದು ನಗುವ ವಿಷಯ. ನಗಿ, ಪರವಾಗಿಲ್ಲ. ಆದರೆ ಒಂದು ವಯಸ್ಸಿನ ಮೇಲೆ ಭಯ ಅನ್ನುವುದು ಮನೆಯ ಹಳೇ ಬೀರುವಿನ ಹಾಗೆ. ಅದರ ಸುತ್ತ ಓಡಾಡುವುದು ಎಷ್ಟು ಅಭ್ಯಾಸವಾಗಿರುತ್ತದೆ ಅಂದರೆ ಅಲ್ಲೊಂದು ಬೀರು ಇದೆ ಅಂತಲೇ ಮರೆತಿರುತ್ತೇವೆ. ಸರಿಸಬೇಕಾಗಿ ಬಂದಾಗಲೇ ಅದರ ಭಾರ ಗೊತ್ತಾಗುವುದು.

ಹೈವೇಗೆ ಏರುವ ತಿರುವಿನಲ್ಲಿ ನನ್ನ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ದೂರದಲ್ಲಿ ಒಂದೇ ಒಂದು ಟ್ರಕ್. ಅದು ಹೋಗಲಿ ಅಂತ ನಿಧಾನ ಮಾಡಿದೆ. ನಿಧಾನ ಮಾಡಬಾರದು ಅನ್ನುವುದು ನಿಮಗೆ ಗೊತ್ತು. ಮಲಗಿದಲ್ಲಿಂದಲೇ ಇವರು "ಒತ್ತು, ಒತ್ತು" ಅಂದರು. ಒತ್ತಿದೆ. ಸೇರಿಕೊಂಡೆ. ಬಲಗಡೆಯ ಲೇನ್ ಹಿಡಿದು ಅರವತ್ತಕ್ಕಿಂತ ಮೇಲೆ ಹೋಗಲಿಲ್ಲ. ಕುದುರೆ ಕಟ್ಟಿದ ಟ್ರೇಲರ್ ಎಳೆದುಕೊಂಡು ಹೋಗುವವರೂ ನನ್ನನ್ನು ಹಿಂದೆ ಹಾಕಿದರು.

ಆಗ ಒಂದು ಬೋರ್ಡು ಬಂತು. ಹೊಲದ ಅಂಚಿನಲ್ಲಿ, ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು: ವಾಲ್ ಡ್ರಗ್. ಸ್ವಲ್ಪ ದೂರ ಹೋದರೆ ಇನ್ನೊಂದು: ಐದು ಸೆಂಟಿಗೆ ಕಾಫಿ, ವಾಲ್ ಡ್ರಗ್. ಮತ್ತೊಂದು: ಉಚಿತ ಐಸ್ ನೀರು. ಇನ್ನೂರು ಮೈಲಿಗೂ ಹೆಚ್ಚು ದೂರದಲ್ಲಿರುವ ಒಂದು ಔಷಧಿ ಅಂಗಡಿ ಹೀಗೆ ದಾರಿಯುದ್ದಕ್ಕೂ ಕರೆಯುತ್ತದೆ. ನಾನು ಮನಸ್ಸಿನಲ್ಲೇ ಒಂದು ಉಪಾಯ ಮಾಡಿಕೊಂಡೆ. ಸಿಯಾಟಲ್ ತನಕ ಓಡಿಸುವುದು ಬೇಡ, ವಾಲ್ ತನಕವೂ ಬೇಡ. ಮುಂದಿನ ಬೋರ್ಡಿನ ತನಕ ಓಡಿಸಿದರೆ ಸಾಕು. ಅದು ಬಂದ ಮೇಲೆ ಅದರ ಮುಂದಿನದು. ಡೈನೋಸಾರ್ ಬಂತು, ಕೌಬಾಯ್ ಬಂದ, ಡೋನಟ್ ಬಂತು. ಒಂದೊಂದನ್ನೂ ಜೋರಾಗಿ ಓದಿದೆ. ಇವರು ಮಲಗಿದಲ್ಲೇ ಎಣಿಸಿದರು.

ಚೇಂಬರ್ಲೇನ್ ಹತ್ತಿರ ಮಿಸೌರಿ ನದಿಯ ಮೇಲೆ ಒಂದು ರೆಸ್ಟ್ ಏರಿಯಾ. ಅಲ್ಲಿ ನಿಲ್ಲಿಸಿ ಇಳಿದರೆ ಕಾಲು ನಡುಗುತ್ತಿತ್ತು. ಎದುರಿಗೆ 50 ಅಡಿ ಎತ್ತರದ ಉಕ್ಕಿನ ಹೆಂಗಸು. ಲಕೋಟಾ, ಡಕೋಟಾ ಜನರ ಗೌರವಕ್ಕಾಗಿ 2016ರಲ್ಲಿ ನಿಲ್ಲಿಸಿದ 'ಡಿಗ್ನಿಟಿ' ಎಂಬ ಪ್ರತಿಮೆ. ಬೆನ್ನ ಹಿಂದೆ ನಕ್ಷತ್ರದ ಕೌದಿಯನ್ನು ಎರಡೂ ಕೈಯಲ್ಲಿ ಹರಡಿ ಹಿಡಿದಿದ್ದಾಳೆ. ಕೌದಿ ಗೊತ್ತಲ್ಲ? ಅಜ್ಜಿ ಹಳೇ ಸೀರೆಗಳನ್ನು ಸೇರಿಸಿ ಹೊಲಿಯುತ್ತಿದ್ದದ್ದು. ಅವಳ ನೆರಳಿನಲ್ಲಿ ಕೂತು ಕಟಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಯಾರೂ ಟೈಮರ್ ಇಡಲಿಲ್ಲ.

ನದಿಯ ಸೇತುವೆ ದಾಟಿದ ಮೇಲೆ ಭೂಮಿ ಬೋಳಾಗುತ್ತದೆ. ಹುಲ್ಲು, ಆಕಾಶ, ಬೋರ್ಡು. ಆ ಮೌನದಲ್ಲಿ ನಾನು ಯಾವತ್ತಿನಿಂದಲೋ ಕೇಳಬೇಕೆಂದಿದ್ದ ಒಂದು ಮಾತು ಕೇಳಿದೆ. "ಅಲ್ಲಾರೀ, ಮಕ್ಕಳು ಅಷ್ಟು ಅಂಗಲಾಚುತ್ತಿದ್ದರು. ಒಂದು ಸಲವಾದರೂ ಯಾಕೆ ನಿಲ್ಲಿಸಲಿಲ್ಲ?"

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾರಿನ ಸೂರು ನೋಡುತ್ತ ಹೇಳಿದರು. "ನಮ್ಮ ಮೊದಲನೇ ಕಾರು ನೆನಪೈತಿ? 2003ರಾಗ. ನೀ ಬಸುರಿ ಇದ್ದಿ. ಓಹಾಯೋದಾಗ ಎಲ್ಲೋ ನಿಲ್ಲಿಸಿದ್ವಿ, ಮತ್ತ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಅಂದೆ ನಿನಗ. ಬ್ಯಾಟರಿ ಅಲ್ಲ, ಆ ಕಾರಿನ ಕಥಿನ ಮುಗದಿತ್ತು. ರಿಪೇರಿಗೆ ರೊಕ್ಕ ಇರಲಿಲ್ಲ. ಆಮ್ಯಾಲ ಎರಡು ವರ್ಷ ಅದರಾಗ ಅಡ್ಡಾಡಿದ್ವಿ. ನಿಲ್ಲಿಸಿದ್ರ ಮತ್ತ ಸ್ಟಾರ್ಟ್ ಆಕ್ಕೈತೋ ಇಲ್ಲೋ ಅಂತ ಅಂಜಿಕಿ. ಹೊಸಾ ಕಾರು ತಗೊಂಡ ಮ್ಯಾಲೂ ಅದು ಹೋಗಲಿಲ್ಲ."

ಇಪ್ಪತ್ತೆರಡು ವರ್ಷ! ನಾನು ಇದನ್ನು ಅವರ ಹಟ ಅಂದುಕೊಂಡಿದ್ದೆ, ಮಕ್ಕಳಿಗೂ ಹಾಗೇ ಹೇಳಿದ್ದೆ. ನನಗೆ ಹೈವೇಗೆ ಏರುವ ಭಯ, ಅವರಿಗೆ ಇಳಿಯುವ ಭಯ. ಒಂದೇ ಕಾರಿನಲ್ಲಿ ಎರಡನ್ನೂ ಇಟ್ಟುಕೊಂಡು ಊರೂರು ಸುತ್ತಿದ್ದೆವು. ನಗು ಬಂತು, ಅಳುವೂ ಬಂತು. ಆದರೆ ಆಗ ಒಂದು ಟ್ರಕ್ ಪಕ್ಕದಲ್ಲೇ ಹಾದುಹೋಗುತ್ತಿದ್ದುದರಿಂದ ಎರಡಕ್ಕೂ ಪುರುಸೊತ್ತಿರಲಿಲ್ಲ.

ಸೌತ್ ಡಕೋಟಾದ ನಡುವೆ ಸಮಯದ ಗೆರೆ ದಾಟುತ್ತೀರಿ, ಒಂದು ಗಂಟೆ ಲಾಭ. ಹಾಗಾಗಿ ಸಂಜೆಯ ಬೆಳಕಿರುವಾಗಲೇ ವಾಲ್ ತಲುಪಿದೆವು. ರಸ್ತೆ ಬದಿಗೇ 80 ಅಡಿ ಉದ್ದದ ಡೈನೋಸಾರ್ ನಿಂತಿದೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಈ ಅಂಗಡಿಯ ಕಥೆಯನ್ನು ನೀವು ಕೇಳಲೇಬೇಕು. ಅದೂ ಒಂದು ಗಂಡ ಹೆಂಡತಿಯ ಕಥೆ. 1931ರಲ್ಲಿ ಟೆಡ್ ಹಸ್ಟೆಡ್ ಎಂಬ ಔಷಧಿ ವ್ಯಾಪಾರಿ ತಂದೆಯಿಂದ ಬಂದ 3,000 ಡಾಲರ್ ಹಾಕಿ ಈ ಕುಗ್ರಾಮದ ಅಂಗಡಿ ಕೊಂಡ. ಮಹಾಕುಸಿತದ ಕಾಲ, ಬರ, ದೂಳು. ಐದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಹೋಗೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಐದು ವರ್ಷ ಮುಗಿಯುತ್ತ ಬಂದಿತ್ತು. 1936ರ ಜುಲೈನ ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಡೊರತಿ, ಮಕ್ಕಳ ಜೊತೆ ಸ್ವಲ್ಪ ಮಲಗುತ್ತೇನೆ ಅಂತ ಮನೆಗೆ ಹೋದಳು. ಹೆದ್ದಾರಿಯಲ್ಲಿ ಹೋಗುವ ಕಾರುಗಳ ಸದ್ದಿಗೆ ನಿದ್ದೆ ಬರಲಿಲ್ಲ. ಗಂಟೆ ಕಳೆದು ಎದ್ದು ಬಂದು ಗಂಡನಿಗೆ ಹೇಳಿದಳು: ಈ ಸುಡುಬಿಸಿಲಲ್ಲಿ ಹೋಗುವವರಿಗೆ ಬೇಕಾಗಿರುವುದು ತಣ್ಣನೆಯ ನೀರು. ನಮ್ಮಲ್ಲಿ ಐಸ್ ಇದೆ, ನೀರಿದೆ. ಉಚಿತ ಐಸ್ ನೀರು ಅಂತ ರಸ್ತೆಯಲ್ಲಿ ಬೋರ್ಡು ಹಾಕೋಣ. ಗಂಡನಿಗೆ ಇದು ಸ್ವಲ್ಪ ಪೆದ್ದುತನ ಅನ್ನಿಸಿತಂತೆ. ಆದರೂ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ ಹಲಗೆ ನೆಟ್ಟು ಬಂದ. ವಾಪಸು ಬರುವಷ್ಟರಲ್ಲಿ ಅಂಗಡಿಯಲ್ಲಿ ಜನ ನೀರಿಗೆ ನಿಂತಿದ್ದರು. ಮುಂದಿನ ಬೇಸಿಗೆಗೆ ಎಂಟು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾಯಿತು.

ಇದಕ್ಕೆ ನಮ್ಮಲ್ಲಿ ಒಂದು ಹಳೆಯ ಪದವಿದೆ: ಅರವಟ್ಟಿಗೆ. ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕ ಕೊಡುವ ಜಾಗ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುವಾಗ ಶಾಸನಗಳ ಪಾಠದಲ್ಲಿ ಈ ಪದ ಬಂದಾಗ ನಾನು ಬರೀ ಅರ್ಥ ಬರೆದುಕೊಂಡಿದ್ದೆ, ಪರೀಕ್ಷೆಗೆ. ಕೆರೆ ಕಟ್ಟಿಸಿದಂತೆ, ಬಾವಿ ತೋಡಿಸಿದಂತೆ ಅರವಟ್ಟಿಗೆ ಇಡಿಸುವುದೂ ಕಲ್ಲಿನ ಮೇಲೆ ಬರೆಸುವಷ್ಟು ದೊಡ್ಡ ಕೆಲಸವಾಗಿತ್ತು. ಹದಿನೈದು ವರ್ಷದ ಭಯದ ಮೇಲೆ ಇನ್ನೂರ ಇಪ್ಪತ್ತು ಮೈಲಿ ಓಡಿಸಿ ಬಂದವಳಿಗೆ ವಾಲ್‌ನಲ್ಲಿ ಒಂದು ಲೋಟ ಐಸ್ ನೀರು ಸಿಕ್ಕಾಗ ಆ ಪದದ ಅರ್ಥ ಗಂಟಲಿಗಿಳಿಯಿತು. ಈಗಲೂ ಅದು ಉಚಿತ. ಹೌದು, ಸುತ್ತ ಟೀ ಶರ್ಟು, ಬೂಟು, ಡೋನಟ್ಟು ಎಲ್ಲ ದುಡ್ಡಿಗೇ. ಡೊರತಿ ಧರ್ಮಛತ್ರ ನಡೆಸುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿದ್ದಳು. ಇರಲಿ. ಬಾಯಾರಿದವರು ಯಾರು ಅಂತ ಯೋಚಿಸಿದ್ದು ಅವಳೇ.

ಅಂಗಡಿಯ ಹಿಂದಿನ ಅಂಗಳದಲ್ಲಿ ಆನೆಯ ಗಾತ್ರದ, ಕೊಂಬಿರುವ ಮೊಲವೊಂದಿದೆ. ಜಾಕಲೋಪ್ ಅನ್ನುತ್ತಾರೆ. ನಮ್ಮ ತರ್ಕಶಾಸ್ತ್ರದವರು ಇಲ್ಲವೇ ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದರೆ 'ಮೊಲದ ಕೊಂಬು' ಅನ್ನುತ್ತಾರೆ. ಅದರ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಂಡ ಕನ್ನಡ ಎಂ.ಎ. ನಾನೊಬ್ಬಳೇ ಇರಬಹುದು.

ನೀರು ಕುಡಿಯುತ್ತ ಇವರಿಗೆ ಸಾಲುಮರದ ತಿಮ್ಮಕ್ಕನ ನೆನಪು ಮಾಡಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ. ಮಕ್ಕಳಿರಲಿಲ್ಲ. ಇಬ್ಬರೂ ಕೂಲಿ ಮುಗಿಸಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ರಸ್ತೆ ಬದಿ ಆಲದ ಸಸಿ ನೆಟ್ಟರು, ನೀರು ಹೊತ್ತು ತಂದು ಹಾಕಿದರು, ದನ ಮೇಯದ ಹಾಗೆ ಮುಳ್ಳುಬೇಲಿ ಕಟ್ಟಿದರು. 385 ಮರ. 2019ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹೊತ್ತಿಗೆ ಚಿಕ್ಕಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೋರ್ಡು ಅವರು ಹಾಕಿರಲಿಲ್ಲ. ಬಿಸಿಲಿದ್ದರೆ ಜನ ತಾವಾಗಿಯೇ ನಿಲ್ಲುತ್ತಾರೆ.

ವಾಲ್‌ನಲ್ಲಿ ಎರಡು ರಾತ್ರಿ ಉಳಿದೆವು. ಮೌಂಟ್ ರಶ್ಮೋರ್ ನೋಡಿದೆವು, ಅದನ್ನು ಎಲ್ಲರೂ ನೋಡುತ್ತಾರೆ. ಇವರ ಬೆನ್ನು ಸ್ವಲ್ಪ ಬಿಟ್ಟುಕೊಂಡಿತು. ಆದರೆ ಮೊಂಟಾನಾದಲ್ಲಿ ಅರ್ಧರ್ಧ ಓಡಿಸಿದೆವು. ಈಗ ನಿಲ್ಲಿಸಿ ಅನ್ನುವುದು ಅವರೇ. ನಾನು ಒಂದು ಲಯ ಹಿಡಿದುಬಿಟ್ಟಿದ್ದೆ. ನನಗೇ ಬೇಜಾರಾಗುವಷ್ಟು ನಿಲ್ಲಿಸಿದರು. ಹುಲ್ಲುಗಾವಲು ಕಂಡರೆ ನಿಲ್ಲಿಸು, ಹಳೇ ಟ್ರ್ಯಾಕ್ಟರ್ ಕಂಡರೆ ನಿಲ್ಲಿಸು.

ಕೊನೆಗೆ ಐಡಹೋ ರಾಜ್ಯದ ವಾಲೇಸ್. ಬೆಟ್ಟಗಳ ನಡುವೆ ಬೆಳ್ಳಿ ಗಣಿಗಾರರ ಪುಟ್ಟ ಊರು. ನಡುಬೀದಿಯಲ್ಲಿ ಒಂದು ಮ್ಯಾನ್‌ಹೋಲ್ ಮುಚ್ಚಳ, ಅದರ ಮೇಲೆ ಬರೆದಿದೆ: ವಿಶ್ವದ ಕೇಂದ್ರ. 2004ರಲ್ಲಿ ಊರಿನ ಮೇಯರ್ ಹಾಗಂತ ಘೋಷಿಸಿದರು. ಪುರಾವೆ ಏನು? ಅಲ್ಲ ಅಂತ ಯಾರೂ ಸಾಬೀತು ಮಾಡಲು ಆಗದಿದ್ದರೆ ಹೌದು ಅಂತಲೇ ಅರ್ಥ, ಅಷ್ಟೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ತರಗತಿಯಲ್ಲಿ ಹೇಳಿಕೊಟ್ಟ ಗಾದೆ ನೆನಪಿದೆಯಾ? ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಗಣಿಗಾರಿಕೆ ಮ್ಯೂಸಿಯಂನಲ್ಲಿರುವ ಒಂದು ಶವಪೆಟ್ಟಿಗೆ. ಒಳಗಿರುವುದು ಟ್ರಾಫಿಕ್ ಸಿಗ್ನಲ್. ಬಾಸ್ಟನ್‌ನಿಂದ ಸಿಯಾಟಲ್ ತನಕ ಮೂರು ಸಾವಿರ ಮೈಲಿಗೂ ಹೆಚ್ಚು ಉದ್ದದ ಐ-90ರಲ್ಲಿ ಕೊನೆಗೆ ಉಳಿದಿದ್ದ ಕೆಂಪು ದೀಪ ಇದು. ಹೆದ್ದಾರಿಯನ್ನು ಊರಿನ ಮಧ್ಯೆ ಹಾಯಿಸಿದ್ದರೆ ಹಳೆಯ ಕಟ್ಟಡಗಳೆಲ್ಲ ನೆಲಸಮವಾಗುತ್ತಿದ್ದವು. ಊರಿನವರು ಆ ಕಟ್ಟಡಗಳನ್ನು ರಾಷ್ಟ್ರೀಯ ಚಾರಿತ್ರಿಕ ಪಟ್ಟಿಗೆ ಸೇರಿಸಿಬಿಟ್ಟರು. ಸರ್ಕಾರ ಊರಿನ ಪಕ್ಕದಲ್ಲಿ ಎತ್ತರದ ಸೇತುವೆ ಕಟ್ಟಬೇಕಾಯಿತು. 1991ರಲ್ಲಿ ಅದು ಮುಗಿದು ಸಿಗ್ನಲಿಗೆ ಕೆಲಸವಿಲ್ಲವಾದಾಗ ಊರಿನವರು ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಕುದುರೆ ಗಾಡಿಯಲ್ಲಿ ಮೆರವಣಿಗೆ ಮಾಡಿ ಅಂತ್ಯಸಂಸ್ಕಾರ ನಡೆಸಿದರು. ಎಲ್ಲರೂ ನಿಲ್ಲಲೇಬೇಕಾಗಿದ್ದ ಕೊನೆಯ ಜಾಗ. ಇವರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ನಾನೇ "ಹೊರಡೋಣವಾ?" ಅಂದೆ.

ಸಿಯಾಟಲ್ ಹತ್ತಿರದ ಘಾಟಿಯಲ್ಲಿ ಮಳೆ ಹಿಡಿಯಿತು. ಅಲ್ಲಿ ಇವರೇ ಓಡಿಸಿದರು. ಅಷ್ಟು ಧೈರ್ಯ ಇನ್ನೂ ಬಂದಿಲ್ಲ, ಬಂದಿದೆ ಅಂತ ಸುಳ್ಳು ಹೇಳುವುದಿಲ್ಲ. ಮೂರು ದಿನದ ದಾರಿಗೆ ಎಂಟು ದಿನ ಹಿಡಿದಿತ್ತು. ಮಗಳು ಕೆಳಗಿಳಿದು ಬಂದು ಅಪ್ಪನ ಬೆನ್ನು ಮುಟ್ಟಿ ನೋಡಿದಳು. ಆಮೇಲೆ ಡಿಕ್ಕಿ ತೆಗೆದು ಟೀ ಶರ್ಟು, ಸ್ಪ್ಯಾಮ್ ಬೊಂಬೆ, ಬಣ್ಣಬಣ್ಣದ ಜೋಳದ ತೆನೆ ನೋಡಿ "ಇದನ್ನೆಲ್ಲ ಅಪ್ಪ ಕೊಂಡಿದ್ದಾ?" ಅಂದಳು. ಓಹಾಯೋದ ಕಥೆಯನ್ನು ಅವರೇ ಅವಳಿಗೆ ಹೇಳಲಿ ಅಂತ ನಾನು ಅಡುಗೆಮನೆಗೆ ಹೋಗಿ ಕಾಫಿಗೆ ಇಟ್ಟೆ.

ವಾಪಸು ಬಂದದ್ದು ವಿಮಾನದಲ್ಲಿ. ನಾಲ್ಕು ಗಂಟೆ. ಇವರು ಕಿಟಕಿ ಪಕ್ಕ ಕೂತು ಕೆಳಗೆ ಮೋಡದಲ್ಲಿ ಏನನ್ನೋ ಹುಡುಕುತ್ತಿದ್ದರು.

ಹೋದ ಭಾನುವಾರ ನಾನು ಎಂದಿನ ಹಾಗೆ ಐವತ್ತು ನಿಮಿಷ ಮುಂಚೆಯೇ ಮನೆ ಬಿಟ್ಟೆ. ಅಭ್ಯಾಸ. ಹೈವೇ ಹಿಡಿದೆ. ತರಗತಿ ಹತ್ತಿರ ಹೋದರೆ ಬಾಗಿಲಿಗೆ ಇನ್ನೂ ಬೀಗ. ಬೀಗದ ಕೈ ತರುವವರು ಬಂದಿರಲಿಲ್ಲ, ನೀವ್ಯಾರೂ ಬಂದಿರಲಿಲ್ಲ. ಅರ್ಧ ಗಂಟೆ ಕಾರಿನಲ್ಲೇ ಕೂತಿದ್ದೆ.